ಕ್ಲಾಸಿನಲ್ಲಿ ಕಲಿತ ಕ್ರಿಮಿನಲ್ ಕಾನೂನು ಕೋರ್ಟ್ ಹಾಲ್‌ನಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ನಾನು ಎಲ್‌ಎಲ್‌ಬಿ ವಿದ್ಯಾರ್ಥಿನಿ. ತಾಲ್ಲೂಕು ಕೇಂದ್ರದ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟ್‌ನಲ್ಲಿ ವಕೀಲರೊಬ್ಬರ ಹತ್ತಿರ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಅಪರಾಧದ ಉದ್ದೇಶ, ಅನುಮಾನಕ್ಕೆ ಎಡೆಯಿಲ್ಲದ ರುಜುವಾತು, ಆರೋಪ ಸಾಬೀತಾಗುವವರೆಗೆ ನಿರಪರಾಧಿ ಅಂತೆಲ್ಲ ಕಾಲೇಜಿನಲ್ಲಿ ಕಲಿತೆ. ಇಲ್ಲಿ ಅದರ ಮಾತೇ ಇಲ್ಲ. ಬರೀ ವಾಯಿದೆ, ಅಂದರೆ ಕೇಸ್ ಮುಂದಿನ ತಾರೀಖಿಗೆ ಹೋಗುವುದು. ಕಟಕಟೆಗೆ ಬಂದ ಸಾಕ್ಷಿಗಳು ‘ನನಗೇನೂ ಗೊತ್ತಿಲ್ಲ’ ಅನ್ನುತ್ತಾರೆ. ಯಾರಿಗೂ ಆಶ್ಚರ್ಯವೂ ಆಗುವುದಿಲ್ಲ, ಸುಳ್ಳು ಹೇಳಿದವರಿಗೆ ಶಿಕ್ಷೆಯೂ ಇಲ್ಲ. ನಾನು ಓದಿದ್ದೆಲ್ಲ ಪರೀಕ್ಷೆಗಷ್ಟೇನಾ?

ಉತ್ತರ: ಪರೀಕ್ಷೆಗಷ್ಟೇ ಅಲ್ಲ. ಆದರೆ ನಿಮ್ಮ ಕಣ್ಣಿಗೆ ಬಿದ್ದದ್ದೂ ನಿಜವೇ. ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗುತ್ತದೆ.

ಕೊಲೆಯ ಸೆಕ್ಷನ್ ಕೆಳಗೆ ಇರುವ ಮೊದಲ ಉದಾಹರಣೆ ನೆನಪಿಸಿಕೊಳ್ಳಿ. ಕೊಲ್ಲುವ ಉದ್ದೇಶದಿಂದ ಎ ಎಂಬುವನು ಝೆಡ್‌ಗೆ ಗುಂಡು ಹೊಡೆಯುತ್ತಾನೆ, ಝೆಡ್ ಸಾಯುತ್ತಾನೆ. ಹೊಡೆದದ್ದು ಎ, ಉದ್ದೇಶ ಕೊಲ್ಲುವುದು. ಎರಡೂ ಅಲ್ಲಿ ಮೊದಲೇ ಗೊತ್ತಿದೆ. ಅದಕ್ಕೆ ಯಾವ ಹೆಸರಿಡಬೇಕು ಅನ್ನುವುದಷ್ಟೇ ನಿಮಗೆ ಉಳಿದಿರುತ್ತದೆ. ಕೋರ್ಟ್‌ನಲ್ಲಿ ಜಗಳ ಇರುವುದೇ ಆ ಮೊದಲ ವಾಕ್ಯದ ಮೇಲೆ. ಎ ಅಲ್ಲಿದ್ದನಾ? ಬಂದೂಕು ಅವನದ್ದೇನಾ? ನೋಡಿದವರು ಯಾರು? ನೋಡಿದವರು ನಾಲ್ಕು ವರ್ಷ ಬಿಟ್ಟು ಬಂದು ಅದನ್ನೇ ಹೇಳುತ್ತಾರಾ? ಬಹುಪಾಲು ಕೇಸ್‌ಗಳು ಇಲ್ಲೇ ಮುಗಿದುಹೋಗುತ್ತವೆ. ಉದ್ದೇಶದ ಚರ್ಚೆಯವರೆಗೆ ಹೋಗುವುದೇ ಇಲ್ಲ.

ಯಾವ ತಾಲ್ಲೂಕಿನಲ್ಲಾದರೂ ಸಿಗುವಂಥ ಒಂದು ಕೇಸ್ ಇಟ್ಟುಕೊಳ್ಳೋಣ. ಇಬ್ಬರು ದಾಯಾದಿಗಳು. ಜಮೀನಿನ ಬದುವಿನ ಮೇಲೆ ಮಾತಿಗೆ ಮಾತು ಬೆಳೆಯಿತು. ಒಬ್ಬ ಕುಡುಗೋಲು ಬೀಸಿದ. ಇನ್ನೊಬ್ಬನ ತೋಳಿಗೆ ಏಟು ಬಿತ್ತು. ಪೊಲೀಸರು ಹಾಕುವುದು ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 324 (ಆಯುಧದಿಂದ ಗಾಯ), 504 (ಕೆರಳಿಸುವ ನಿಂದನೆ), 506 (ಬೆದರಿಕೆ), ಜೊತೆಗೆ 34 (ಸಮಾನ ಉದ್ದೇಶ). ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಾದರೆ 118(1), 352, 351(2), ಜೊತೆಗೆ 3(5). ಘಟನೆ 2024ರ ಜುಲೈ 1ಕ್ಕಿಂತ ಮೊದಲಿನದ್ದಾದರೆ ಅಪರಾಧ ಹಳೆಯ ಐಪಿಸಿಯದ್ದೇ. ಹಾಗಾಗಿ ನಿಮ್ಮ ಕೋರ್ಟ್‌ನಲ್ಲಿ ಇನ್ನೂ ಕೆಲವು ವರ್ಷ ಎರಡೂ ನಂಬರ್‌ಗಳು ಕಿವಿಗೆ ಬೀಳುತ್ತವೆ. ನಂಬರ್ ಬದಲಾದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಪುಸ್ತಕದಲ್ಲಿ ಮೊದಲ ಹೆಜ್ಜೆ ಎಫ್‌ಐಆರ್. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧದ ಸುದ್ದಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ, 2013ರಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಸ್ಟೇಷನ್‌ನಲ್ಲಿ ಆಗುವುದು ಬೇರೆ. ಎಷ್ಟೋ ಸಲ ಮೊದಲು ಎರಡೂ ಕಡೆಯವರನ್ನು ಕರೆಸಿ ಕೂರಿಸುತ್ತಾರೆ. ಎನ್‌ಸಿಆರ್ (ವಾರಂಟ್ ಇಲ್ಲದೆ ಹಿಡಿಯಲಾಗದ ಅಪರಾಧ ಎಂಬ ವರದಿ) ಮಾಡಿ ಕಳಿಸುತ್ತಾರೆ. ‘ಇದು ಸಿವಿಲ್ ಸ್ವರೂಪದ್ದು’ ಎಂದು ಹಿಂಬರಹ ಕೊಡುತ್ತಾರೆ. ಆಗ ದೂರುದಾರ ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಹಾಕುತ್ತಾನೆ. ಅದಕ್ಕೆ ಪಿಸಿಆರ್ (ಖಾಸಗಿ ದೂರಿನ) ನಂಬರ್ ಬೀಳುತ್ತದೆ. ಅಷ್ಟರಲ್ಲಿ ಎದುರಾಳಿಯೂ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸ್‌ಗೆಂದು ಗಾಯದ ದಾಖಲೆ) ಮಾಡಿಸಿ ಕೌಂಟರ್ ಕೇಸ್ ಕೊಟ್ಟಿರುತ್ತಾನೆ.

ದೂರಿನ ಭಾಷೆಯನ್ನು ಗಮನಿಸಿದ್ದೀರಾ? ‘ಅವಾಚ್ಯ ಶಬ್ದಗಳಿಂದ ನಿಂದಿಸಿ, ಪ್ರಾಣ ಬೆದರಿಕೆ ಹಾಕಿ’ ಎಂಬ ಸಾಲು ಊರು ಯಾವುದಾದರೂ ಅದೇ. ದೂರುದಾರ ಹಾಗೆ ಹೇಳಿರುವುದಿಲ್ಲ. 504 ಮತ್ತು 506ಕ್ಕೆ ಬೇಕಾದ ಅಂಶಗಳು ಬರಲಿ ಎಂದು ಬರೆದವರು ಸೇರಿಸಿರುತ್ತಾರೆ. ನೀವು ಕಲಿತ ಅಪರಾಧದ ಅಂಶಗಳು ಇಲ್ಲಿ ಇವೆ, ಆದರೆ ದೂರು ಬರೆಯುವವರ ಪೆನ್ನಿನಲ್ಲಿ. ಮುಂದೆ ಪಾಟಿಸವಾಲಿನಲ್ಲಿ, ಅಂದರೆ ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ, ‘ಏನಂತ ಬೈದರು, ಆ ಮಾತು ಹೇಳಿ’ ಎಂದರೆ ಸಾಕ್ಷಿ ಮುಖ ನೋಡುತ್ತಾನೆ. 504 ಬಿದ್ದುಹೋಗುತ್ತದೆ.

ಆಮೇಲೆ ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದರ, ವಶಪಡಿಸಿಕೊಂಡದ್ದರ ದಾಖಲೆ. ಪುಸ್ತಕದ ಪ್ರಕಾರ ಪಂಚರು ಸ್ಥಳಕ್ಕೆ ಬಂದು, ಕಣ್ಣಾರೆ ಕಂಡು, ಓದಿ ಕೇಳಿ ಸಹಿ ಹಾಕುವ ಸ್ವತಂತ್ರ ಸಾಕ್ಷಿಗಳು. ಕಟಕಟೆಯಲ್ಲಿ ಅವರ ಮಾತು ಹೆಚ್ಚಾಗಿ ಹೀಗಿರುತ್ತದೆ: ‘ಸಹಿ ನನ್ನದೇ. ಪೊಲೀಸರು ಸ್ಟೇಷನ್‌ನಲ್ಲಿ ಹಾಕಿಸಿಕೊಂಡರು. ಏನು ಬರೆದಿತ್ತೋ ಗೊತ್ತಿಲ್ಲ.’ ಸಹಿಯನ್ನು ಮಾತ್ರ ನಿಶಾನೆ (ಕೋರ್ಟಿನ ದಾಖಲೆ ಸಂಖ್ಯೆ) ಪಿ.2(ಎ) ಎಂದು ಗುರುತು ಮಾಡುತ್ತಾರೆ. ಕುಡುಗೋಲು ಬಟ್ಟೆಯ ಗಂಟಿನಲ್ಲಿ ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ಆಗಿ ಮೇಜಿನ ಮೇಲೆ ಇರುತ್ತದೆ. ಅದನ್ನು ಯಾರ ಕೈಯಿಂದ, ಎಲ್ಲಿ ವಶಪಡಿಸಿಕೊಂಡರು ಎಂದು ಹೇಳುವವರು ತನಿಖಾಧಿಕಾರಿ ಒಬ್ಬರೇ ಆಗಿಬಿಡುತ್ತಾರೆ. ಕಾನೂನಿನ ಪ್ರಕಾರ ಪೊಲೀಸರ ಸಾಕ್ಷ್ಯ ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವ ಹಾಗಿಲ್ಲ. ಆದರೂ ಪಂಚರು ಕೈಬಿಟ್ಟ ಕೇಸ್‌ನಲ್ಲಿ ಅದರ ತೂಕ ಇಳಿಯುತ್ತದೆ. ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಶೋಧ ಮತ್ತು ಜಪ್ತಿಯನ್ನು ಆಡಿಯೊ ವಿಡಿಯೊ ಮಾಡಬೇಕು ಎನ್ನುತ್ತದೆ. ಹೊಸ ಕಾನೂನುಗಳಲ್ಲಿ ನಿಜವಾಗಿ ದಿನದ ಕೆಲಸ ಬದಲಿಸಬಲ್ಲ ಸೆಕ್ಷನ್ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಸ್ವಇಚ್ಛಾ ಹೇಳಿಕೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಾರ್ಜ್‌ಶೀಟ್ ಜೊತೆ ಪುಟಗಟ್ಟಲೆ ಇರುತ್ತದಲ್ಲ, ಆರೋಪಿ ಬಾಲ್ಯದಿಂದ ಶುರುಮಾಡಿ ಎಲ್ಲ ಒಪ್ಪಿಕೊಂಡಂತೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂದು ನೀವು ಓದಿದ್ದೀರಿ, ಅದು ಸರಿ. ಅದರಿಂದ ಏನಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಸಾಲು ಮಾತ್ರ ಉಳಿಯುತ್ತದೆ. 1946ರಲ್ಲಿ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್ ಹಾಕಿದ ಗೆರೆ ಇಂದಿಗೂ ಅದೇ. ‘ನನ್ನ ಜೊತೆ ಬಂದರೆ ಕುಡುಗೋಲು ಇಟ್ಟ ಜಾಗ ತೋರಿಸುತ್ತೇನೆ’ ಅನ್ನುವ ಸಾಲು ನಿಲ್ಲುತ್ತದೆ. ‘ಅದರಿಂದಲೇ ಹೊಡೆದೆ’ ಅನ್ನುವುದು ನಿಲ್ಲುವುದಿಲ್ಲ. ಟಿವಿಯಲ್ಲಿ ‘ತಪ್ಪೊಪ್ಪಿಕೊಂಡ ಆರೋಪಿ’ ಎಂದು ದಿನವಿಡೀ ಓಡಿದ ಸುದ್ದಿಗೆ ಕೋರ್ಟ್‌ನಲ್ಲಿ ಬೆಲೆಯೇ ಇರುವುದಿಲ್ಲ. ಖುಲಾಸೆಯಾದಾಗ ಜನ ಬೆಚ್ಚಿಬೀಳುವುದು ಇದಕ್ಕೇ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದೂ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ನಿಮ್ಮನ್ನು ಜಾಸ್ತಿ ಕಾಡಿದ ವಿಷಯಕ್ಕೆ ಬರೋಣ. ಸಾಕ್ಷಿಗಳು ಯಾಕೆ ತಿರುಗಿಬೀಳುತ್ತಾರೆ?

ಹೊರಗಿನವರು ತಕ್ಷಣ ಹೇಳುವ ಉತ್ತರ ಎರಡು: ಹೆದರಿಕೆ, ಇಲ್ಲವೇ ದುಡ್ಡು. ದೊಡ್ಡ ಕೇಸ್‌ಗಳಲ್ಲಿ ಅದೂ ಇದೆ. ಆದರೆ ನೀವು ಕೂತಿರುವ ಕೋರ್ಟ್‌ನಲ್ಲಿ ಹೆಚ್ಚಿನ ಸಲ ಕಾರಣ ರಾಜಿ. ಬದುವಿನ ಜಗಳ ಆಗಿ ಮೂರು ವರ್ಷ ಆಯಿತು. ಆ ನಡುವೆ ಸರ್ವೆ ಆಗಿ ಕಲ್ಲು ನೆಟ್ಟರು. ಒಂದು ಮದುವೆ ಬಂತು, ಒಂದು ಸಾವು ಬಂತು. ಎರಡು ಮನೆಗಳ ನಡುವೆ ಮಾತು ಮತ್ತೆ ಶುರುವಾಯಿತು. ಊರಿನ ಹಿರಿಯರು ಕೂತು ಎರಡೂ ಕೇಸ್ ಮುಗಿಸಿಕೊಳ್ಳಿ ಎಂದರು. ಈಗ ಕಾನೂನಿನ ತೊಡಕು ಶುರು. 504, 506ನ್ನು ರಾಜಿ ಮಾಡಿಕೊಳ್ಳಬಹುದು. ಆದರೆ ಆಯುಧದಿಂದ ಗಾಯ ಮಾಡಿದ 324? ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ರಾಜಿ ಪಟ್ಟಿಯಲ್ಲಿ ಅದು ಒಂದು ಕಾಲಕ್ಕೆ ಇತ್ತು, ಆಮೇಲೆ ಹೊರಬಿತ್ತು. ಹೈಕೋರ್ಟಿಗೆ ಹೋಗಿ ರಾಜಿಯ ಆಧಾರದ ಮೇಲೆ ಕೇಸ್ ರದ್ದು ಮಾಡಿಸಿಕೊಳ್ಳುವ ದಾರಿ ಇದೆ. 2012ರ ಗಿಯಾನ್ ಸಿಂಗ್ ತೀರ್ಪು ಅದನ್ನು ಸ್ಪಷ್ಟ ಮಾಡಿದೆ. ಆದರೆ ತಾಲ್ಲೂಕಿನ ರೈತ ಅದಕ್ಕಾಗಿ ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಹೋಗಿ ಇನ್ನೊಬ್ಬ ವಕೀಲರನ್ನು ಹಿಡಿಯಬೇಕು. ಖರ್ಚು ಬೇರೆ. ಅದರ ಬದಲು ಸುಮ್ನೆ ಕಟಕಟೆಗೆ ಹತ್ತಿ ‘ನನಗೆ ಯಾರು ಹೊಡೆದರೋ ಗೊತ್ತಿಲ್ಲ, ಕತ್ತಲಾಗಿತ್ತು’ ಎಂದರೆ ಮುಗಿಯಿತು.

ಅಂದರೆ ನೀವು ಸುಳ್ಳು ಎಂದು ನೋಡಿದ್ದು ಹಲವು ಸಲ ರಾಜಿ ಪತ್ರದ ಕೆಲಸ ಮಾಡುತ್ತಿರುತ್ತದೆ. ಎಪಿಪಿಗೆ, ಅಂದರೆ ಸರ್ಕಾರದ ಪರ ವಕೀಲರಿಗೆ, ಗೊತ್ತು. ನ್ಯಾಯಾಧೀಶರಿಗೆ ಗೊತ್ತು. ಆರೋಪಿಯ ವಕೀಲರಿಗಂತೂ ಮೊದಲೇ ಗೊತ್ತು. ಅದಕ್ಕೇ ಯಾರಿಗೂ ಆಶ್ಚರ್ಯವಾಗಲಿಲ್ಲ. ಎಪಿಪಿ ಎದ್ದು ಸಾಕ್ಷಿಯನ್ನು ಪ್ರತಿಕೂಲ ಎಂದು ಪರಿಗಣಿಸಲು ಕೇಳುತ್ತಾರೆ. ಪೊಲೀಸ್ ಹೇಳಿಕೆಯನ್ನು ತೋರಿಸಿ ನಾಲ್ಕು ಪ್ರಶ್ನೆ ಹಾಕುತ್ತಾರೆ. ‘ಹಾಗೆ ಹೇಳಿಕೆ ಕೊಟ್ಟಿಲ್ಲ’ ಎಂಬ ಉತ್ತರ ಬರೆದುಕೊಳ್ಳುತ್ತಾರೆ. ಮುಂದಿನ ಕೇಸ್.

ಇದನ್ನು ನಾನು ಸಮರ್ಥಿಸುತ್ತಿಲ್ಲ. ಇದೇ ಬಾಗಿಲಿನಿಂದ ಬೆದರಿಕೆಯೂ ಒಳಗೆ ಬರುತ್ತದೆ. ಹೆಂಡತಿಯ ಮೇಲಿನ ಕ್ರೌರ್ಯದ ಕೇಸ್‌ಗಳಲ್ಲಿ, ಅಂದರೆ ಹಳೆಯ 498ಎಯಲ್ಲಿ, ಇದು ಎದ್ದು ಕಾಣುತ್ತದೆ. ಕರ್ನಾಟಕದಲ್ಲಿ ಅದು ರಾಜಿಯಾಗದ ಅಪರಾಧ. ವಿಚ್ಛೇದನ, ಜೀವನಾಂಶ, ಒಡವೆ ವಾಪಸ್ ಎಲ್ಲ ಮಾತಾದ ಮೇಲೆ ಹೆಣ್ಣುಮಗಳು ಬಂದು ಏನೂ ಆಗಿಲ್ಲ ಅನ್ನುತ್ತಾಳೆ. ಅವಳು ಮನಸ್ಸಿನಿಂದ ಒಪ್ಪಿದಳೋ, ಬೇರೆ ದಾರಿ ಕಾಣದೆ ಒಪ್ಪಿದಳೋ ಅನ್ನುವುದು ಆ ಎರಡು ಸಾಲಿನ ಹೇಳಿಕೆಯಲ್ಲಿ ಗೊತ್ತಾಗುವುದೇ ಇಲ್ಲ. ಅಂಕಿಅಂಶದಲ್ಲಿ ಅದು ಇನ್ನೊಂದು ಖುಲಾಸೆ. ಆ ಖುಲಾಸೆಗಳನ್ನೇ ಕೂಡಿಸಿ ‘ನೋಡಿ, ಎಲ್ಲ ಸುಳ್ಳು ಕೇಸ್’ ಎಂದು ವಾದಿಸುವವರೂ ಇದ್ದಾರೆ. ಕೋರ್ಟ್‌ನೊಳಗೆ ಒಂದು ವಾರ ಕೂತವರು ಹಾಗೆ ಹೇಳಲಾರರು.

ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆ ಇದೆ. ಏಳು ವರ್ಷದವರೆಗೆ. ಆದರೆ ಅದಕ್ಕೆ ಕೋರ್ಟ್ ತಾನೇ ವಿಚಾರಣೆ ನಡೆಸಿ, ನ್ಯಾಯದ ಹಿತಕ್ಕೆ ಇದು ಬೇಕು ಎಂದು ಕಂಡರೆ, ತಾನೇ ದೂರು ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 340, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 379. ಅಲ್ಲಿಂದ ಇನ್ನೊಂದು ಕೇಸ್ ಶುರು, ಅದಕ್ಕೆ ಇನ್ನಷ್ಟು ಸಾಕ್ಷಿಗಳು. ಕೆಲಸದ ಹೊರೆ ಒಂದು ಕಾರಣ. ಇನ್ನೊಂದು ಕಾರಣ ಇದೆ: ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿಯೇ ಇರುವುದಿಲ್ಲ, ಇರಲೂಬಾರದು. ಹಾಗಾಗಿ ಸುಳ್ಳು ಯಾವುದು? ಕೋರ್ಟ್‌ನಲ್ಲಿ ಹೇಳಿದ್ದಾ, ಪೊಲೀಸರು ಬರೆದುಕೊಂಡದ್ದಾ? ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಇದ್ದರೆ ಮಾತು ಬೇರೆ. ಸಾಮಾನ್ಯ ಹೊಡೆದಾಟದ ಕೇಸ್‌ನಲ್ಲಿ ಅದನ್ನು ಯಾರೂ ಮಾಡಿಸಿರುವುದಿಲ್ಲ. ಇನ್ನು ನಿಜವಾಗಿ ಹೆದರಿದ ಸಾಕ್ಷಿಗೆ ಜೈಲು ತೋರಿಸುವುದು ನ್ಯಾಯವೂ ಅಲ್ಲ. ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ಅಂಥದ್ದೊಂದು ಇದೆ ಎಂದು ಸಾಕ್ಷಿಗೆ ಹೇಳುವವರು ಕಡಿಮೆ. ನೀವು ಹೇಳಬಹುದು.

ಒಂದು ಸಮಾಧಾನದ ಮಾತಿದೆ. ಸಾಕ್ಷಿ ಪ್ರತಿಕೂಲ ಆದ ಮಾತ್ರಕ್ಕೆ ಅವನ ಮಾತೆಲ್ಲ ಕಸಕ್ಕೆ ಹೋಗುವುದಿಲ್ಲ. ಅದರಲ್ಲಿ ನಂಬಬಹುದಾದ ಭಾಗವನ್ನು ಕೋರ್ಟ್ ಬಳಸಬಹುದು ಎಂದು 1976ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದೆ. ಕೊಲೆ ಕೇಸ್‌ಗಳಲ್ಲಿ ಇದರ ಮೇಲೆ ಶಿಕ್ಷೆ ಆಗಿದ್ದೂ ಇದೆ. ತಾಲ್ಲೂಕು ಕೋರ್ಟ್‌ನ ಹೊಡೆದಾಟದಲ್ಲಿ ಗಾಯಾಳುವೇ ಕೈಬಿಟ್ಟರೆ ಮಾತ್ರ ಕೇಸ್ ಮುಗಿದ ಹಾಗೆ.

ವಾಯಿದೆಯ ವಿಷಯ. ಕಾನೂನು ಓದಿದರೆ ವಿಚಾರಣೆ ದಿನದಿಂದ ದಿನಕ್ಕೆ ನಡೆಯಬೇಕು. ಹಳೆಯ 309, ಹೊಸ 346. ಕೈಮೀರಿದ ಕಾರಣಕ್ಕೆ ಕೂಡ ಎರಡಕ್ಕಿಂತ ಹೆಚ್ಚು ಮುಂದೂಡಿಕೆ ಬೇಡ ಎಂದು ಹೊಸ ಸಂಹಿತೆ ಹೇಳುತ್ತದೆ. ಸೆಷನ್ಸ್ ಕೇಸ್‌ನಲ್ಲಿ ದೋಷಾರೋಪ ಹೊರಿಸಲು 60 ದಿನ, ವಾದ ಮುಗಿದ ಮೇಲೆ ತೀರ್ಪಿಗೆ 30 ದಿನ, ಕಾರಣ ಬರೆದರೆ 45. ಚೆಕ್ ಬೌನ್ಸ್ ಕೇಸ್ ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ಅದನ್ನು ಚೆಕ್ ಬೌನ್ಸ್ ಕಕ್ಷಿದಾರನಿಗೆ ಓದಿ ಹೇಳಬೇಡಿ, ನಗುತ್ತಾನೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟ್‌ಗಳಲ್ಲಿ ಬಾಕಿ ಇರುವ ಕೇಸ್ 4 ಕೋಟಿ ದಾಟಿದೆ. ಅದರಲ್ಲಿ ಕ್ರಿಮಿನಲ್ ಕೇಸ್‌ಗಳದ್ದೇ ದೊಡ್ಡ ಪಾಲು.

ಆದರೆ ‘ಕೇಸ್ ಜಾಸ್ತಿ’ ಅನ್ನುವುದು ಅರ್ಧ ಉತ್ತರ. ಒಂದು ವಾಯಿದೆ ಹೇಗೆ ಹಾಳಾಗುತ್ತದೆ ಎಂದು ಬೆಂಚ್ ಕ್ಲರ್ಕ್ ಪಕ್ಕ ನಿಂತು ನೋಡಿ. ಆರೋಪಿಗಳು ಐದು ಜನ, ನಾಲ್ವರು ಬಂದಿದ್ದಾರೆ. ಐದನೆಯವನಿಗೆ ಜಾಮೀನುರಹಿತ ವಾರಂಟ್. ಎರಡು ವರ್ಷ ಅವನು ಸಿಗಲಿಲ್ಲ ಎಂದರೆ ಅವನ ಕೇಸ್ ಸ್ಪ್ಲಿಟ್ ಅಪ್ ಆಗುತ್ತದೆ, ಅಂದರೆ ಬೇರೆಯಾಗುತ್ತದೆ, ಆಮೇಲೆ ಎಲ್‌ಪಿಸಿ (ದೀರ್ಘಕಾಲ ಬಾಕಿ ಇರುವ ಕೇಸ್‌ಗಳ) ಪಟ್ಟಿಗೆ ಹೋಗುತ್ತದೆ. ಉಳಿದ ನಾಲ್ವರ ವಿಚಾರಣೆಗೆ ಸಾಕ್ಷಿ ಸಮನ್ಸ್ ಹೊರಟಿತು. ಸಾಕ್ಷಿ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ, ಸಮನ್ಸ್ ಜಾರಿಯಾಗದೆ ವಾಪಸ್. ಮುಂದಿನ ಸಲ ಸಾಕ್ಷಿ ಬಂದ, ಆರೋಪಿಯ ವಕೀಲರು ಜಿಲ್ಲಾ ಕೋರ್ಟ್‌ನಲ್ಲಿ ಇದ್ದಾರೆ. ಅದರ ಮುಂದಿನ ಸಲ ಎಲ್ಲ ಇದ್ದಾರೆ, ಮುದ್ದೆಮಾಲು ಬಂದಿಲ್ಲ. ಇನ್ನೊಂದು ಸಲ ನ್ಯಾಯಾಧೀಶರೇ ವರ್ಗ. ಪ್ರತಿ ವಾಯಿದೆಗೂ ಒಂದು ಸಣ್ಣ, ನಂಬಬಹುದಾದ ಕಾರಣ ಇರುತ್ತದೆ. ಯಾರೊಬ್ಬರೂ ಕೇಸ್ ಎಳೆಯುತ್ತಿಲ್ಲ ಎಂದು ಎಲ್ಲರೂ ಪ್ರಮಾಣ ಮಾಡಬಹುದು.

ಎಳೆಯುವವರೂ ಇದ್ದಾರೆ, ಸುಳ್ಳು ಯಾಕೆ ಹೇಳಲಿ. ಜಾಮೀನಿನ ಮೇಲೆ ಹೊರಗಿರುವ ಆರೋಪಿಗೆ ಕಾಲವೇ ಒಳ್ಳೆಯ ವಕೀಲ. ಸಾಕ್ಷಿಯನ್ನು ಕರೆಸಿದ ಕಡೆಯವರೇ ಮೊದಲು ಪ್ರಶ್ನಿಸುವ ಮುಖ್ಯ ವಿಚಾರಣೆ ಮುಗಿದ ದಿನವೇ ಪಾಟಿಸವಾಲು ಮಾಡದೆ ಸಮಯ ಕೇಳುವುದು ಹಳೆಯ ತಂತ್ರ. 2015ರ ವಿನೋದ್ ಕುಮಾರ್ ಪ್ರಕರಣವನ್ನು ತಪ್ಪದೆ ಓದಿ. ಲಂಚದ ಕೇಸ್ ಅದು. ಸಾಕ್ಷಿಯ ಮುಖ್ಯ ವಿಚಾರಣೆಗೂ ಪಾಟಿಸವಾಲಿಗೂ ನಡುವೆ ಸುಮಾರು 1 ವರ್ಷ 8 ತಿಂಗಳ ಅಂತರ. ಮೊದಲ ದಿನ ಗಟ್ಟಿಯಾಗಿ ನಿಂತಿದ್ದ ಸಾಕ್ಷಿ ಎರಡನೇ ಸಲ ಉಲ್ಟಾ ಹೊಡೆದ. ಪಾಟಿಸವಾಲು ಆದಷ್ಟು ಅದೇ ದಿನ ಮುಗಿಯಬೇಕು ಎಂದು ಸುಪ್ರೀಂ ಕೋರ್ಟ್ ಖಾರವಾಗಿಯೇ ಹೇಳಿತು. ಶಿಕ್ಷೆಯನ್ನೂ ಉಳಿಸಿತು.

ಹಾಗೆಂದು ಬೇಗ ಮುಗಿದರೆ ನ್ಯಾಯ ಆಯಿತು ಎಂದೂ ಅಲ್ಲ. ಮಧ್ಯಪ್ರದೇಶದ ಒಂದು ಕೇಸ್‌ನಲ್ಲಿ ದೋಷಾರೋಪ ಹೊರಿಸಿದ ದಿನವೇ ಆರೋಪಿಗೆ ಕಾನೂನು ನೆರವಿನ ವಕೀಲರನ್ನು ಕೊಟ್ಟು, ಸುಮಾರು ಎರಡು ವಾರದಲ್ಲಿ ವಿಚಾರಣೆ ಮುಗಿಸಿ, ಮರಣದಂಡನೆ ಕೊಟ್ಟಿದ್ದರು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಮತ್ತೆ ವಿಚಾರಣೆ ಮಾಡಿ ಎಂದಿತು. ಅಷ್ಟು ದೊಡ್ಡ ಶಿಕ್ಷೆಯ ಕೇಸ್‌ಗಳಲ್ಲಿ ವಕೀಲರಿಗೆ ತಯಾರಿಗೆ ಕನಿಷ್ಠ ಏಳು ದಿನವಾದರೂ ಬೇಕು ಎಂದಿತು. ಏಳೇ ದಿನವಾ ಎಂದು ನನಗೆ ಈಗಲೂ ಅನಿಸುತ್ತದೆ.

‘ಸಾಬೀತಾಗುವವರೆಗೆ ನಿರಪರಾಧಿ’ ಎಂಬ ಸೂತ್ರದ ನಿಜವಾದ ಪರೀಕ್ಷೆ ತೀರ್ಪಿನ ದಿನ ಅಲ್ಲ, ಜಾಮೀನಿನ ದಿನ. ದೇಶದ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನ ಕೈದಿಗಳು. ಅವರಲ್ಲಿ ಜಾಮೀನು ಸಿಕ್ಕೂ ಹೊರಬರಲಾಗದವರು ಇದ್ದಾರೆ. ಶ್ಯೂರಿಟಿಗೆ, ಅಂದರೆ ಆರೋಪಿಯ ಹೊಣೆ ಹೊರಲು, ಪಹಣಿ ಇರುವವರು ಬೇಕು. ಒಡಿಶಾದಿಂದಲೋ ಬಿಹಾರದಿಂದಲೋ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವನಿಗೆ ಇಲ್ಲಿ ಪಹಣಿ ಇರುವ ನೆಂಟ ಎಲ್ಲಿಂದ ಬರಬೇಕು? 1978ರಲ್ಲೇ ಇಂಥದ್ದೇ ಒಬ್ಬ ಗಾರೆ ಕೆಲಸದವನ ಕೇಸ್ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಮೋತಿ ರಾಮ್ ಪ್ರಕರಣ. 10,000 ರೂಪಾಯಿ ಶ್ಯೂರಿಟಿ ಕೇಳಿದ ಮ್ಯಾಜಿಸ್ಟ್ರೇಟ್, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಆದೇಶವನ್ನು ಬದಿಗೆ ಸರಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡಲು ಹೇಳಿದರು. ನಿಮ್ಮ ಸೀನಿಯರ್ ಹತ್ತಿರ ಇವತ್ತು ಕೇಳಿ ನೋಡಿ, ಹೊರ ಜಿಲ್ಲೆಯ ಶ್ಯೂರಿಟಿ ತಂದರೆ ಎಷ್ಟು ಸಲೀಸಾಗಿ ಒಪ್ಪುತ್ತಾರೆ ಎಂದು.

ಮೇಲಿನ ಕೋರ್ಟ್ ಹೇಳಿದ್ದೆಲ್ಲ ಕೆಳಗೆ ಇಳಿಯುವುದೇ ಇಲ್ಲ ಎಂದರೆ ಅದೂ ತಪ್ಪು. 2014ರ ಅರ್ನೇಶ್ ಕುಮಾರ್ ತೀರ್ಪು ಬಂದ ಮೇಲೆ ಏಳು ವರ್ಷದವರೆಗಿನ ಶಿಕ್ಷೆಯ ಕೇಸ್‌ಗಳಲ್ಲಿ ಬಂಧಿಸುವ ಮೊದಲು ನೋಟಿಸ್ ಕೊಡುವುದು ಸ್ಟೇಷನ್‌ಗಳ ದಿನದ ರೂಢಿಯೊಳಗೆ ಬಂದಿದೆ. ಕಾರಣ ಸರಳ. ಪಾಲಿಸದ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಮತ್ತು ನ್ಯಾಯಾಂಗ ನಿಂದನೆ ಎಂದು ಆ ತೀರ್ಪಿನಲ್ಲೇ ಬರೆದಿತ್ತು. ಸೂತ್ರ ಹೇಳಿ ಬಿಟ್ಟ ತೀರ್ಪಿಗಿಂತ ಫಾರ್ಮ್ ತುಂಬಿಸಿದ ತೀರ್ಪು ಜಾಸ್ತಿ ಬದಲಾವಣೆ ತರುತ್ತದೆ.

ಇನ್ನು ಒಂದು ಸಂಗತಿ, ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಸಾಕ್ಷಿ ಹೇಳಿದ್ದು ಹಾಗೇ ದಾಖಲೆಗೆ ಹೋಗುವುದಿಲ್ಲ. ಸಾಕ್ಷಿ ‘ಅವ್ನೇ ಸಾಮಿ ಹೊಡ್ದಿದ್ದು, ನಾನು ಅಡ್ಡ ಹೋದೆ’ ಅನ್ನುತ್ತಾನೆ. ನ್ಯಾಯಾಧೀಶರು ಟೈಪಿಸ್ಟ್‌ಗೆ ಹೇಳಿ ಬರೆಸುವುದು ‘ಒಂದನೇ ಆರೋಪಿಯು ಹೊಡೆದಿರುತ್ತಾನೆ, ನಾನು ಬಿಡಿಸಲು ಹೋಗಿರುತ್ತೇನೆ’ ಎಂದು. ಪಾಟಿಸವಾಲಿನಲ್ಲಿ ವಕೀಲರು ಸೂಚನೆ ರೂಪದಲ್ಲಿ ಕೇಳುತ್ತಾರೆ. ಉತ್ತರ ‘ಎಂದರೆ ಸರಿ’ ಅಥವಾ ‘ಎಂದರೆ ಸುಳ್ಳು’ ಎಂಬ ಎರಡೇ ಅಚ್ಚಿನಲ್ಲಿ ಬೀಳುತ್ತದೆ. ‘ಘಟನೆ ಸ್ಥಳದಲ್ಲಿ ಬೀದಿದೀಪ ಇರಲಿಲ್ಲ ಎಂದರೆ ಸರಿ. ನಾನು ದ್ವೇಷದಿಂದ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸುಳ್ಳು.’ ಸಾಕ್ಷಿ ಉತ್ತರ ಹೇಳುವ ಮುನ್ನ ತಡವರಿಸಿದ್ದು, ಆರೋಪಿಯ ಕಡೆ ಒಮ್ಮೆ ನೋಡಿದ್ದು, ಬೆವರು ಒರೆಸಿಕೊಂಡದ್ದು ಸಾಮಾನ್ಯವಾಗಿ ಕಾಗದದಲ್ಲಿ ಇರುವುದಿಲ್ಲ. ನ್ಯಾಯಾಧೀಶರು ಸಾಕ್ಷಿಯ ವರ್ತನೆಯನ್ನು ಬರೆದುಕೊಳ್ಳಬಹುದು ಎಂದು ಸಂಹಿತೆಯಲ್ಲೇ ಇದೆ, ಬರೆಯುವುದು ಅಪರೂಪ. ಎರಡು ವರ್ಷದ ಮೇಲೆ ಬೇರೆ ನ್ಯಾಯಾಧೀಶರು ಬಂದು ಈ ಕಾಗದ ಓದಿ ತೀರ್ಪು ಬರೆಯುತ್ತಾರೆ. ಮೇಲ್ಮನವಿಯಲ್ಲೂ ಇದೇ ಕಾಗದ. ಹಾಗಾಗಿ ಅನುಭವ ಇರುವ ವಕೀಲರು ಸಾಕ್ಷಿಯ ಮುಖದಷ್ಟೇ ಟೈಪಿಸ್ಟ್‌ನ ಸ್ಕ್ರೀನ್ ಮೇಲೂ ಕಣ್ಣಿಟ್ಟಿರುತ್ತಾರೆ. ಒಂದು ಮಾತು ತಪ್ಪಾಗಿ ಬಿದ್ದರೆ ಅಲ್ಲೇ ಎದ್ದು ಸರಿ ಮಾಡಿಸುತ್ತಾರೆ.

ಸಾಕ್ಷಿ ಎಲ್ಲ ಮುಗಿದ ಮೇಲೆ ಬರುವ 313ರ ಹೇಳಿಕೆಯೂ ಹಾಗೆಯೇ, ಈಗಿನ 351. ಆರೋಪಿಗೆ ತನ್ನ ಮೇಲಿನ ಒಂದೊಂದು ಸಾಕ್ಷ್ಯವನ್ನೂ ವಿವರಿಸುವ ಅವಕಾಶ ಅದು. ನಡೆಯುವುದು: ‘ಸುಳ್ಳು’, ‘ಸುಳ್ಳು’, ‘ಗೊತ್ತಿಲ್ಲ’, ‘ಸುಳ್ಳು’, ಸಹಿ.

ಹಾಗಾದರೆ ನೀವು ಕಲಿತದ್ದು ಎಲ್ಲಿದೆ? ಪ್ರಶ್ನೆಗಳೊಳಗೆ ಇದೆ.

ನಮ್ಮ ಬದುವಿನ ಕೇಸ್‌ನಲ್ಲಿ ಏಟು ತೋಳಿಗಲ್ಲ, ಕುತ್ತಿಗೆಗೆ ಬಿತ್ತು ಎಂದುಕೊಳ್ಳಿ. ಈಗ ಪೊಲೀಸರು ಕೊಲೆ ಯತ್ನದ 307 ಹಾಕುತ್ತಾರೆ, ಹೊಸ 109. ಕೇಸ್ ಸೆಷನ್ಸ್‌ಗೆ ಹೋಯಿತು, ಜಾಮೀನು ಕಷ್ಟವಾಯಿತು. ಕುಡುಗೋಲು ಜಗಳಕ್ಕೆಂದೇ ತಂದದ್ದಾ, ಹುಲ್ಲು ಕುಯ್ಯುತ್ತಿದ್ದ ಕೈಯಲ್ಲಿ ಇದ್ದದ್ದಾ? ಒಂದೇ ಏಟಾ, ಬಿದ್ದ ಮೇಲೂ ಹೊಡೆದನಾ? ಇವೆಲ್ಲ ಉದ್ದೇಶದ ಪ್ರಶ್ನೆಗಳು. ಜಾಮೀನಿನ ವಾದದಲ್ಲೇ ಬಂದುಬಿಡುತ್ತವೆ. ಗಾಯಾಳು ತೀರಿಕೊಂಡ ಎಂದುಕೊಳ್ಳಿ. ಆಗ 1958ರ ವಿರ್ಸಾ ಸಿಂಗ್ ತೀರ್ಪು ಜೀವಂತವಾಗಿ ಎದ್ದು ಕೂರುತ್ತದೆ. ಕೊಲ್ಲುವ ಉದ್ದೇಶವೇ ಬೇಕಿಲ್ಲ, ಆ ಗಾಯ ಮಾಡುವ ಉದ್ದೇಶ ಇದ್ದು, ಸಹಜ ಕ್ರಮದಲ್ಲಿ ಸಾವು ತರಲು ಆ ಗಾಯ ಸಾಕು ಎಂದಾದರೆ ಅದು ಕೊಲೆ. ಗಾಯ ಸಾಕು ಎಂದು ಹೇಳಬೇಕಾದವರು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು. ಆ ಒಂದು ಪ್ರಶ್ನೆಯನ್ನು ಪ್ರಾಸಿಕ್ಯೂಟರ್ ಕೇಳಲು ಮರೆತರೆ? ಕೊಲೆಯ ಆರೋಪ 304ಕ್ಕೆ (ಕೊಲೆಯಲ್ಲದ ನರಹತ್ಯೆಗೆ) ಇಳಿಯುವ ದಾರಿ ತೆರೆಯಿತು. ಜೀವಾವಧಿ ಎಲ್ಲಿ, ಕೆಲವು ವರ್ಷ ಎಲ್ಲಿ. ಇತ್ತ ಆರೋಪಿಯ ವಕೀಲರು ಆ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ಅವರು ಕೇಳದೆ ಬಿಟ್ಟದ್ದು ಯಾಕೆ ಎಂದು ಗ್ಯಾಲರಿಯಲ್ಲಿ ಕೂತವರಿಗೆ ಗೊತ್ತಾಗುವುದೇ ಇಲ್ಲ. ವಿರ್ಸಾ ಸಿಂಗ್ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ಸಣ್ಣ ಕೇಸ್‌ನಲ್ಲೂ ಇದೆ. ಗಾಯದ ಪ್ರಮಾಣಪತ್ರ ಕೊಟ್ಟ ವೈದ್ಯರಿಗೆ ‘ಕಲ್ಲಿನ ಮೇಲೆ ಬಿದ್ದರೂ ಇಂಥ ಗಾಯ ಆಗಬಹುದಲ್ಲವೇ’ ಎಂದು ಕೇಳುವುದನ್ನು ನೀವು ಕೇಳಿರುತ್ತೀರಿ. ‘ಆಗಬಹುದು’ ಎಂದು ಬಂದರೆ ಅದು ಅನುಮಾನದ ಲಾಭದ ಮೊದಲ ಕಂತು. ದೂರು ಕೊಡಲು ಎರಡು ದಿನ ತಡ, ಅದಕ್ಕೆ ವಿವರಣೆ ಇಲ್ಲ, ಎರಡನೇ ಕಂತು. ಪಂಚರು ಕೈಬಿಟ್ಟರು, ಮೂರನೆಯದು. ವಾದದ ದಿನ ಇವನ್ನೆಲ್ಲ ಒಟ್ಟು ಮಾಡಿ ‘ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಿಲ್ಲ’ ಅನ್ನುತ್ತಾರೆ. ಆ ಒಂದು ಸಾಲನ್ನು ನೀವು ಕೇಳಿಸಿಕೊಳ್ಳಲಿಲ್ಲ, ಯಾಕೆಂದರೆ ವಾದ ಬರುವುದು ಕೊನೆಗೆ. ಎಷ್ಟೋ ಸಲ ಲಿಖಿತ ವಾದ ಕೊಟ್ಟು ಮುಗಿಸುತ್ತಾರೆ.

ಈಗ ಉಳಿದ ವಾರಗಳಲ್ಲಿ ಏನು ಮಾಡಬಹುದು ಅನ್ನುವುದು. ದಿನವಿಡೀ ಹಾಲ್‌ನಲ್ಲಿ ಕೂರಬೇಡಿ, ಅಷ್ಟೊಂದು ಉಪಯೋಗ ಇಲ್ಲ. ನಿಮ್ಮ ಸೀನಿಯರ್ ಹತ್ತಿರ ಮುಗಿದ ಒಂದು ಕೇಸ್‌ನ ಫೈಲ್ ಕೇಳಿ. ಖುಲಾಸೆ ಆದದ್ದೇ ಇರಲಿ. ತೀರ್ಪನ್ನು ಆಮೇಲೆ ಓದಿ. ಮೊದಲು ದೂರು, ಮಹಜರು, ಗಾಯದ ಪ್ರಮಾಣಪತ್ರ, ಪೊಲೀಸ್ ಹೇಳಿಕೆಗಳು, ಕೊನೆಗೆ ಕೋರ್ಟ್‌ನಲ್ಲಿ ಕೊಟ್ಟ ಸಾಕ್ಷ್ಯ. ಪ್ರತಿ ಸೆಕ್ಷನ್‌ಗೆ ಏನೇನು ಸಾಬೀತಾಗಬೇಕು ಎಂದು ಒಂದು ಹಾಳೆಯಲ್ಲಿ ಬರೆದು, ಯಾವುದು ಯಾರ ಬಾಯಿಂದ ಬಂತು ಎಂದು ಎದುರಿಗೆ ಗುರುತು ಹಾಕುತ್ತಾ ಹೋಗಿ. ಎದುರಿಗೆ ಏನೂ ಬರೆಯಲಾಗದೆ ಖಾಲಿ ಉಳಿದ ಜಾಗಗಳೇ ತೀರ್ಪಿನಲ್ಲಿ ಕಾಣಿಸುತ್ತವಾ ನೋಡಿ. ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿಗುತ್ತವೆ. ಸಾಕ್ಷ್ಯದ ಪ್ರತಿ ಮಾತ್ರ ಫೈಲ್‌ನಲ್ಲೇ ನೋಡಬೇಕು. ಫೈಲ್ ಮನೆಗೆ ಒಯ್ಯಬೇಡಿ, ಕಕ್ಷಿದಾರರ ಹೆಸರು ಹೊರಗೆ ಹೇಳಬೇಡಿ.